ವಯಸ್ಸಾದವರ ಮಿದುಳಿನ ಕಾಂಡಕೋಶಗಳ ಮೇಲೆ ಊಟದ, ಹಾರ್ಮೋನಿನ ಪ್ರಭಾವ ನಿಜವಾಗಿ ಎಷ್ಟಿದೆ?

ಶಿರಾ ಸೀಮೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ ಅರವತ್ತು ದಾಟಿದೆ. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕುವುದನ್ನೇ ಮರೆತು ಕೂತಿರುತ್ತಿದ್ದರು, ಮಾತಿನ ನಡುವೆ ಪರಿಚಿತರ ಹೆಸರಿಗಾಗಿ ತಡಕಾಡುತ್ತಿದ್ದರು, ಬೇಸಿಗೆಯಲ್ಲೂ ಚಳಿಯೆಂದು ಶಾಲು ಹೊದೆಯುತ್ತಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ ಟಿಎಸ್ಎಚ್ (ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಏರುವ ಇನ್ನೊಂದು ಹಾರ್ಮೋನು) ಬಹಳ ಏರಿರುವುದು ಗೊತ್ತಾಗಿ, ವೈದ್ಯರು ಥೈರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ.

ಈ ನಡುವೆ ನಮ್ಮ ಕಡೆಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಒಬ್ಬರು ಅಮ್ಮನಿಗೆ ಪೌಷ್ಟಿಕ ಪುಡಿಯ ಡಬ್ಬಿಯೊಂದನ್ನು ಮಾರಿದ್ದಾರೆ. ಅದು ಮಿದುಳಿನಲ್ಲಿ ಮಲಗಿರುವ ಕಾಂಡಕೋಶಗಳನ್ನು (ವಿಭಜನೆಯಾಗಿ ಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶಗಳನ್ನು) ಎಬ್ಬಿಸಿ ಹೊಸ ನರಕೋಶಗಳನ್ನು ಹುಟ್ಟಿಸುತ್ತದೆಯಂತೆ, ಕ್ರಮೇಣ ಥೈರಾಯ್ಡ್ ಮಾತ್ರೆಯನ್ನೇ ಬಿಡಬಹುದಂತೆ. ಹುಟ್ಟಿದ ಮೇಲೆ ನರಕೋಶಗಳು ಹೊಸದಾಗಿ ಹುಟ್ಟುವುದಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿದ ನೆನಪು. ಯಾವುದು ನಿಜ? ಊಟಕ್ಕೂ ಹಾರ್ಮೋನಿಗೂ ಈ ಕೋಶಗಳಿಗೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೋಲಾರದ ಶುಶ್ರೂಷಕಿ:
ಉಳಿದ ಚರ್ಚೆ ಆಮೇಲೆ ನಡೆಯಲಿ. ಅಮ್ಮ ಥೈರಾಯ್ಡ್ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ತುಮಕೂರು ಪ್ರಾಣಿಶಾಸ್ತ್ರ:
ಅಕ್ಕನವರ ಮಾತು ಮೊದಲನೆಯದು, ಅದಕ್ಕೆ ನನ್ನ ಸಹಮತವಿದೆ. ಈಗ ಪ್ರಶ್ನೆಗೆ ಬರುತ್ತೇನೆ. ನೀವು ಕಾಲೇಜಿನಲ್ಲಿ ಓದಿದ ಮಾತನ್ನು ಇಪ್ಪತ್ತನೆಯ ಶತಮಾನದ ಬಹುಭಾಗ ಎಲ್ಲರೂ ಒಪ್ಪಿದ್ದರು. 1965ರಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ್ ದಾಸ್ ಅವರು ವಿಭಜನೆಯಾಗುವ ಕೋಶಗಳು ಮಾತ್ರ ಹೀರಿಕೊಳ್ಳುವ ವಿಕಿರಣಶೀಲ ಥೈಮಿಡಿನ್ ಅನ್ನು ಇಲಿಗಳಿಗೆ ಚುಚ್ಚಿ, ಜನನದ ನಂತರವೂ ಮಿದುಳಿನಲ್ಲಿ ನೆನಪಿಗೆ ಅಗತ್ಯವಾದ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳು ಹುಟ್ಟುತ್ತವೆ ಎಂದು ತೋರಿಸಿದರು. ಆ ಕೆಲಸವನ್ನು ಬಹಳ ಕಾಲ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ ಎಂಬುದು ನನಗೆ ಇಂದಿಗೂ ನೋವು ಕೊಡುವ ಸಂಗತಿ. 1992ರಲ್ಲಿ ರೇನಾಲ್ಡ್ಸ್ ಮತ್ತು ವೈಸ್ ಅವರು ವಯಸ್ಕ ಸುಂಡಿಲಿಯ ಮಿದುಳಿನಿಂದ ಕೋಶಗಳನ್ನು ಬೇರ್ಪಡಿಸಿ, ಒಂದು ಬೆಳವಣಿಗೆಯ ಪ್ರೋಟೀನಿನ ನೆರವಿನಿಂದ ಅವನ್ನು ತಟ್ಟೆಯಲ್ಲಿ ವೃದ್ಧಿಪಡಿಸಿದ ಮೇಲೆ ಕಾಂಡಕೋಶದ ವಿಚಾರ ಗಟ್ಟಿಯಾಯಿತು.

ಇಲಿಯ ಮಿದುಳಿನಲ್ಲಿ ಈ ಕೋಶಗಳಿಗೆ ಎರಡು ಮುಖ್ಯ ನೆಲೆಗಳಿವೆ. ಮಿದುಳಿನೊಳಗಿನ ದ್ರವದ ಕುಹರಗಳ ಗೋಡೆ ಒಂದು, ಹಿಪೊಕ್ಯಾಂಪಸ್‌ನ ಒಳಪದರ ಇನ್ನೊಂದು. ಅಲ್ಲಿನ ಬಹುಪಾಲು ಕಾಂಡಕೋಶಗಳು ನಿದ್ರಾವಸ್ಥೆಯಲ್ಲಿರುತ್ತವೆ. ಅವು ಏಳುವುದು, ವಿಭಜನೆಯಾಗುವುದು, ಹುಟ್ಟಿದ ಮರಿಕೋಶ ಬದುಕುವುದು, ಅದು ನರಕೋಶವಾಗಿ ಬಲಿಯುವುದು ಇವೆಲ್ಲ ಬೇರೆ ಬೇರೆ ಹಂತಗಳು, ಮತ್ತು ಒಂದೊಂದು ಹಂತದ ಮೇಲೂ ರಕ್ತದಲ್ಲಿ ಬರುವ ಪೋಷಕಾಂಶ ಹಾಗೂ ಹಾರ್ಮೋನುಗಳ ಹಿಡಿತವಿದೆ. ಆದ್ದರಿಂದ ಸಂಬಂಧವಂತೂ ಇದೆ, ಆದರೆ ಮಾರಾಟಗಾರರು ಹೇಳಿದಂತೆ ಅದು ಒಂದು ಚಮಚ ಪುಡಿಯಿಂದ ಒತ್ತಬಹುದಾದ ಗುಂಡಿಯಲ್ಲ.

ಗುಬ್ಬಿಯ ಓದುಗ:
ಇಲಿಯ ವಿಚಾರ ಸರಿ, ಮನುಷ್ಯರದು? 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸೊರೆಲ್ಸ್ ಮತ್ತು ಆಲ್ವಾರೆಝ್-ಬುಯ್ಯಾ ತಂಡದ ಲೇಖನವು ವಯಸ್ಕರ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಪತ್ತೆಯೇ ಆಗಲಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಇಲ್ಲದ ಕೋಶಗಳಿಗೆ ಯಾವ ಊಟ, ಯಾವ ಹಾರ್ಮೋನು?

ತುಮಕೂರು ಪ್ರಾಣಿಶಾಸ್ತ್ರ:
ಒಂದು ಲೇಖನವನ್ನು ಮಾತ್ರ ಹಿಡಿದು ತೀರ್ಪು ಕೊಡುವುದು ನ್ಯಾಯವಲ್ಲ. 1998ರಲ್ಲಿ ಎರಿಕ್ಸನ್ ಮತ್ತು ಗೇಜ್ ಅವರ ತಂಡವು, ಚಿಕಿತ್ಸೆಯ ವೇಳೆ ಕೋಶವಿಭಜನೆಯನ್ನು ಗುರುತಿಸುವ ರಾಸಾಯನಿಕವನ್ನು ಪಡೆದಿದ್ದ ಕ್ಯಾನ್ಸರ್ ರೋಗಿಗಳ ಮಿದುಳನ್ನು ಅವರ ಮರಣಾನಂತರ ಪರೀಕ್ಷಿಸಿ, ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳನ್ನು ಕಂಡಿತ್ತು. 2013ರಲ್ಲಿ ಸ್ಪಾಲ್ಡಿಂಗ್ ಮತ್ತು ಫ್ರಿಸೆನ್ ಅವರ ತಂಡ ಅನುಸರಿಸಿದ ದಾರಿ ನನಗೆ ಬಹಳ ಪ್ರಿಯವಾದದ್ದು. ನೆಲದ ಮೇಲೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿತು, ಅಂತಹ ಪರೀಕ್ಷೆಗಳನ್ನು ನಿಷೇಧಿಸಿದ 1963ರ ಒಪ್ಪಂದದ ನಂತರ ಇಳಿಯುತ್ತ ಬಂತು. ಕೋಶವೊಂದು ಹುಟ್ಟಿದಾಗ ಗಾಳಿಯಲ್ಲಿದ್ದ ಪ್ರಮಾಣವೇ ಸಸ್ಯ ಮತ್ತು ಆಹಾರದ ಮೂಲಕ ಅದರ ಡಿಎನ್ಎಯಲ್ಲಿ ಉಳಿದುಬಿಡುತ್ತದೆ. ಅದನ್ನು ಅಳೆದು, ವಯಸ್ಕರ ಒಂದೊಂದು ಹಿಪೊಕ್ಯಾಂಪಸ್‌ನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶಗಳು ಸೇರುತ್ತವೆ ಎಂದು ಅವರು ಲೆಕ್ಕ ಹಾಕಿದರು.

ನೀವು ಹೇಳಿದ 2018ರ ಲೇಖನದ ನಂತರ, 2019ರಲ್ಲಿ ಮಾಡ್ರಿಡ್‌ನ ಯೋರೆನ್ಸ್-ಮಾರ್ಟಿನ್ ತಂಡವು ಮರಣಾನಂತರ ಮಿದುಳನ್ನು ಎಷ್ಟು ಹೊತ್ತು ರಾಸಾಯನಿಕದಲ್ಲಿ ಇಡಲಾಗುತ್ತದೆ ಎಂಬುದರ ಮೇಲೆ ಈ ಕೋಶಗಳು ಕಾಣುವುದೂ ಕಾಣದಿರುವುದೂ ನಿಂತಿದೆ ಎಂದು ತೋರಿಸಿತು. ಸಂಸ್ಕರಣೆ ಸರಿಯಾಗಿದ್ದಾಗ ಎಳೆಯ ನರಕೋಶಗಳು ಸಾವಿರಗಟ್ಟಲೆ ಸಿಕ್ಕವು, ಆಲ್ಝೈಮರ್ ರೋಗಿಗಳಲ್ಲಿ ಅವು ಗಣನೀಯವಾಗಿ ಇಳಿದಿದ್ದವು. 2025ರಲ್ಲಿ ಫ್ರಿಸೆನ್ ಅವರ ತಂಡವೇ ವಯಸ್ಕರಲ್ಲಿ ವಿಭಜನೆಯ ಹಂತದಲ್ಲಿರುವ ಪೂರ್ವಕೋಶಗಳನ್ನು (ಮುಂದೆ ನರಕೋಶವಾಗಬಲ್ಲ ಕೋಶಗಳನ್ನು) ಅವುಗಳ ಆರ್‌ಎನ್ಎ ಗುರುತಿನಿಂದ ಪತ್ತೆಹಚ್ಚಿದೆ.

ಗುಬ್ಬಿಯ ಓದುಗ:
ಅದೇ 2025ರ ಅಧ್ಯಯನದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಭಾರೀ ವ್ಯತ್ಯಾಸವಿತ್ತು, ಕೆಲವು ವಯಸ್ಕರಲ್ಲಿ ಅಂತಹ ಕೋಶಗಳು ಸಿಗಲೇ ಇಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಇರುವಿಕೆಯನ್ನು ನಾನು ಪೂರ್ತಿ ನಿರಾಕರಿಸುತ್ತಿಲ್ಲ. ಆದರೆ ಬದುಕಿರುವ ಮನುಷ್ಯನ ಮಿದುಳಿನಲ್ಲಿ ಈ ಕೋಶಗಳನ್ನು ಎಣಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಆಸ್ಪತ್ರೆಗಳಲ್ಲಿ ಇಲ್ಲ. ಹಾಗಿರುವಾಗ ತಮ್ಮ ಪುಡಿ ಅವುಗಳನ್ನು ಹೆಚ್ಚಿಸಿತೆಂದು ಡಬ್ಬಿ ಮಾರುವವರು ಯಾವುದನ್ನು ಅಳೆದು ಹೇಳಿದರು? ಶಿರಾದವರು ಆ ವ್ಯಕ್ತಿಗೆ ಕೇಳಬೇಕಾದ ಪ್ರಶ್ನೆ ಇದೊಂದೇ.

ತುಮಕೂರು ಪ್ರಾಣಿಶಾಸ್ತ್ರ:
ಈ ಪ್ರಶ್ನೆಗೆ ನನ್ನ ಪೂರ್ಣ ಬೆಂಬಲವಿದೆ.

ಶಿಡ್ಲಘಟ್ಟದ ಗೂಡು:
ನಾವು ರೇಷ್ಮೆ ಬೆಳೆಯುವವರು, ಆದ್ದರಿಂದ ಊಟ ಮತ್ತು ಹಾರ್ಮೋನಿನ ಸಂಬಂಧವನ್ನು ದಿನವೂ ಕಣ್ಣಾರೆ ಕಾಣುತ್ತೇವೆ. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ಹಂತದಿಂದ ಎದ್ದ ಹುಳುವಿಗೆ ಸೊಪ್ಪು ಒಂದು ಹೊತ್ತು ಕಡಿಮೆಯಾದರೂ ಮುಂದಿನ ಬೆಳವಣಿಗೆಯ ಲೆಕ್ಕವೇ ಬದಲಾಗುತ್ತದೆ. ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಏರಲೆಂದು ಸೊಪ್ಪಿನ ಮೇಲೆ ಹಾರ್ಮೋನು ದ್ರಾವಣ ಸಿಂಪಡಿಸುವುದೂ ಉಂಟು. ಕೀಟದ ಮಿದುಳಿನ ಕಾಂಡಕೋಶಗಳ ಮೇಲೂ ಊಟದ ಪ್ರಭಾವ ಇದೆಯೇ ಎಂದು ಯಾರಾದರೂ ನೋಡಿದ್ದಾರೆಯೇ ಸರ್?

ತುಮಕೂರು ಪ್ರಾಣಿಶಾಸ್ತ್ರ:
ಬಹಳ ಒಳ್ಳೆಯ ಪ್ರಶ್ನೆ, ಮತ್ತು ಇಡೀ ವಿಷಯದಲ್ಲಿ ಅತ್ಯಂತ ಸ್ವಚ್ಛವಾಗಿ ಬಿಡಿಸಲಾಗಿರುವ ಭಾಗವೂ ಇದೇ. ಹಣ್ಣುನೊಣದ ಮರಿಹುಳು ಮೊಟ್ಟೆಯೊಡೆದು ಬಂದಾಗ ಅದರ ಮಿದುಳಿನ ಹೆಚ್ಚಿನ ಕಾಂಡಕೋಶಗಳು ಮಲಗಿರುತ್ತವೆ. ಬರೀ ಸಕ್ಕರೆ ನೀರು ಕೊಟ್ಟರೆ ಅವು ಏಳುವುದಿಲ್ಲ. ಆಹಾರದಲ್ಲಿ ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಅಂಶ ದೊರೆತಾಗ ಮೊದಲು ಹುಳುವಿನ ಕೊಬ್ಬಿನ ಅಂಗಾಂಶ ಅದನ್ನು ಗ್ರಹಿಸಿ ಮಿದುಳಿಗೆ ಸಂಕೇತ ಕಳುಹಿಸುತ್ತದೆ. ಆಗ ಕಾಂಡಕೋಶದ ಪಕ್ಕದಲ್ಲಿರುವ ಪೋಷಕ ಕೋಶಗಳು ಇನ್ಸುಲಿನ್‌ನಂತಹ ಪ್ರೋಟೀನನ್ನು ಸುರಿಸುತ್ತವೆ, ಕಾಂಡಕೋಶ ಏಳುತ್ತದೆ. 1998ರಲ್ಲಿ ಬ್ರಿಟನ್ ಮತ್ತು ಎಡ್ಗರ್ ಅವರು ಆರಂಭಿಸಿದ ಈ ಕಥೆಯನ್ನು 2010 ಮತ್ತು 2011ರಲ್ಲಿ ಇಂಗ್ಲೆಂಡಿನ ಎರಡು ತಂಡಗಳು ಪೂರ್ಣಗೊಳಿಸಿದವು. ಇಲ್ಲಿ ಗಮನಿಸಬೇಕಾದದ್ದು, ಆಹಾರ ನೇರವಾಗಿ ಕಾಂಡಕೋಶಕ್ಕೆ ಹೋಗಿ ಮಾತಾಡಲಿಲ್ಲ. ನಡುವೆ ಹಾರ್ಮೋನು ನಿಂತಿತ್ತು.

ನಿಮ್ಮ ರೇಷ್ಮೆಹುಳುವಿಗೂ ಇದರಲ್ಲಿ ಗೌರವದ ಸ್ಥಾನವಿದೆ. ಅದರ ಮಿದುಳಿನಲ್ಲಿ ಇನ್ಸುಲಿನ್ ಕುಟುಂಬಕ್ಕೆ ಸೇರಿದ ಹಾರ್ಮೋನು ಇದೆ ಎಂದು ಜಪಾನಿನ ವಿಜ್ಞಾನಿಗಳು 1984ರಲ್ಲಿ ತೋರಿಸಿದರು, ಅದಕ್ಕೆ ಈಗ ಬಾಂಬಿಕ್ಸಿನ್ ಎಂಬ ಹೆಸರಿದೆ. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅವರು 500 ಕಿಲೋ ರೇಷ್ಮೆ ಕೋಶಾವಸ್ಥೆಯ ಹುಳುಗಳಿಂದ ಪೊರೆ ಬಿಡುವಂತೆ ಮಾಡುವ ಎಕ್ಡೈಸೋನ್ ಹಾರ್ಮೋನನ್ನು 25 ಮಿಲಿಗ್ರಾಂನಷ್ಟು ಬೇರ್ಪಡಿಸಿದ್ದರು.

ಗುಬ್ಬಿಯ ಓದುಗ:
ಮರಿಹುಳು ವಯಸ್ಕ ಪ್ರಾಣಿಯಲ್ಲ ಎಂಬುದನ್ನು ಮರೆಯಬಾರದು. ಬೆಳೆಯುವ ಜೀವಿಯ ನಿಯಮವನ್ನು ಅರವತ್ತು ದಾಟಿದ ತಾಯಿಗೆ ಅನ್ವಯಿಸಲಾಗದು.

ತುಮಕೂರು ಪ್ರಾಣಿಶಾಸ್ತ್ರ:
ನೇರವಾಗಿ ಅನ್ವಯಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಇನ್ಸುಲಿನ್ ಕುಟುಂಬದ ಐಜಿಎಫ್-1 ಎಂಬ ಹಾರ್ಮೋನನ್ನು ವಯಸ್ಕ ಇಲಿಗಳ ರಕ್ತಕ್ಕೆ ಕೊಟ್ಟಾಗ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಿದವು ಎಂದು 2000ದಲ್ಲಿ ವರದಿಯಾಗಿದೆ. ಓಡಾಟದಿಂದ ಹೊಸ ಕೋಶಗಳು ಹೆಚ್ಚುವುದಕ್ಕೂ ರಕ್ತದಿಂದ ಮಿದುಳಿಗೆ ಹೋಗುವ ಇದೇ ಹಾರ್ಮೋನು ಬೇಕು ಎಂದು ಮರುವರ್ಷ ಇನ್ನೊಂದು ತಂಡ ತೋರಿಸಿತು.

ಕೋಲಾರದ ಶುಶ್ರೂಷಕಿ:
ಚರ್ಚೆ ಶಿರಾದವರ ತಾಯಿಯಿಂದ ದೂರ ಹೋಗುತ್ತಿದೆ. ಥೈರಾಯ್ಡ್ ಹಾರ್ಮೋನಿನ ಬಗ್ಗೆ ಹೇಳಿ ಸರ್.

ತುಮಕೂರು ಪ್ರಾಣಿಶಾಸ್ತ್ರ:
ಅಕ್ಕ, ಅಲ್ಲಿಗೇ ಬರುತ್ತಿದ್ದೆ. ಈ ವಿಷಯದಲ್ಲಿ ನಮ್ಮ ದೇಶದ್ದೇ ಕೆಲಸವಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದಿತಾ ವೈದ್ಯ ಅವರ ತಂಡವು 2005ರಲ್ಲಿ, ವಯಸ್ಕ ಇಲಿಗಳಲ್ಲಿ ಥೈರಾಯ್ಡ್ ಹಾರ್ಮೋನು ಕುಸಿದಾಗ ಹಿಪೊಕ್ಯಾಂಪಸ್‌ನ ಹೊಸ ಕೋಶಗಳು ಬದುಕಿ ಉಳಿಯುವುದೂ ನರಕೋಶಗಳಾಗಿ ಬಲಿಯುವುದೂ ಕಡಿಮೆಯಾಗುತ್ತದೆ ಎಂದು ತೋರಿಸಿತು. ಬಿತ್ತಿದ್ದೆಲ್ಲ ಪೈರಾಗುವುದಿಲ್ಲವಲ್ಲ, ಹಾಗೆಯೇ ಹುಟ್ಟಿದ ಕೋಶಗಳಲ್ಲಿ ಬಹಳಷ್ಟು ಸಹಜವಾಗಿಯೇ ಸಾಯುತ್ತವೆ. ಹಾರ್ಮೋನು ಕಡಿಮೆಯಾದರೆ ಉಳಿಯುವವು ಇನ್ನೂ ವಿರಳವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಹಾರ್ಮೋನನ್ನು ಸಹಜ ಮಟ್ಟಕ್ಕೆ ತಂದಾಗ ಈ ನಷ್ಟ ಸರಿಹೋಯಿತು. ಮಿದುಳಿನ ಕಾಂಡಕೋಶಗಳ ಸಂತಾನವನ್ನು ಕಾಪಾಡುವ ವಸ್ತು ಬೇಕೆಂದರೆ, ಅದು ನಿಮ್ಮ ತಾಯಿಯ ಮಾತ್ರೆಯ ಪಟ್ಟಿಯಲ್ಲಿಯೇ ಇದೆ.

ಚಿಂತಾಮಣಿ ಮಗಳು:
ಬಾಣಂತನದ ಮರೆವಿಗೂ ಇದಕ್ಕೂ ಸಂಬಂಧವಿದೆಯೇ? ಗರ್ಭಿಣಿಯರಲ್ಲಿ ಮಿದುಳಿನ ಕಾಂಡಕೋಶಗಳು ಹೆಚ್ಚುತ್ತವೆ ಎಂದು ಎಲ್ಲೋ ಓದಿದ್ದೆ.

ತುಮಕೂರು ಪ್ರಾಣಿಶಾಸ್ತ್ರ:
ಅದು 2003ರ ಕೆಲಸ, ಸುಂಡಿಲಿಗಳ ಮೇಲಿನದು. ಗರ್ಭಾವಸ್ಥೆಯಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನಿನಿಂದ ಕುಹರದ ಗೋಡೆಯ ಕಾಂಡಕೋಶಗಳು ಚುರುಕಾಗಿ, ವಾಸನೆಗೆ ಸಂಬಂಧಿಸಿದ ಭಾಗಕ್ಕೆ ಹೊಸ ನರಕೋಶಗಳು ಸೇರುತ್ತವೆ. ಮನುಷ್ಯರಲ್ಲಿ ಆ ದಾರಿಯ ಕೋಶಸಂಚಾರ ಶೈಶವದಲ್ಲಿಯೇ ಬಹುಮಟ್ಟಿಗೆ ನಿಂತುಹೋಗುತ್ತದೆ, ಆದ್ದರಿಂದ ಬಾಣಂತಿಯರಿಗೆ ಅದನ್ನು ಹೊಂದಿಸಬೇಡಿ. ನಿದ್ದೆಗೇಡು ಮತ್ತು ರಕ್ತಹೀನತೆಯನ್ನು ಮೊದಲು ನೋಡಿ.

ತಿಪಟೂರು ಕೊಬ್ಬರಿ:
ಮಿದುಳಿನ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಇದೆ. ನಮ್ಮ ಹಿರಿಯರು ಕೊಬ್ಬರಿ, ಬೆಣ್ಣೆ ತಿಂದು ಚುರುಕಾಗಿದ್ದರು. ಕೊಬ್ಬು ತಿಂದರೆ ಕಾಂಡಕೋಶಕ್ಕೂ ಕೊಬ್ಬು ಸಿಗುತ್ತದೆ ಎಂಬುದು ಸರಳ ವಿಚಾರವಲ್ಲವೇ? ಇದನ್ನು ಯಾರೂ ಹೇಳದಿರುವುದು ನನಗೆ ಆಶ್ಚರ್ಯ.

ತುಮಕೂರು ಪ್ರಾಣಿಶಾಸ್ತ್ರ:
ಅಷ್ಟು ಸರಳವಿಲ್ಲ ಅಣ್ಣ. ಸುಂಡಿಲಿಗಳಲ್ಲಿ ವಿಭಜನೆಗೆ ಇಳಿದ ಕಾಂಡಕೋಶ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು 2013ರಲ್ಲಿ ಸ್ವಿಟ್ಜರ್‌ಲೆಂಡಿನ ಜೆಸ್‌ಬರ್ಗರ್ ತಂಡ ತೋರಿಸಿತು. ಆ ತಯಾರಿಕೆಯ ಕಿಣ್ವವನ್ನು ತಡೆದರೆ ವಿಭಜನೆಯೂ ಕುಂಠಿತವಾಗುತ್ತದೆ. ಮಲಗಿರುವ ಕಾಂಡಕೋಶವಾದರೋ ಕೊಬ್ಬನ್ನು ಉರಿಸಿಕೊಂಡು ಇರುತ್ತದೆ. ಇನ್ನು ತಿನ್ನುವ ಕೊಬ್ಬಿನ ವಿಚಾರ: 2006ರ ಒಂದು ಅಧ್ಯಯನದಲ್ಲಿ ಕೊಬ್ಬು ಹೆಚ್ಚಿರುವ ಆಹಾರ ಕೊಟ್ಟ ಗಂಡು ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಕಡಿಮೆಯಾದವು, ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿತ್ತು. ಹೆಣ್ಣು ಇಲಿಗಳಲ್ಲಿ ಹಾಗಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಎಲ್ಲರೂ ಗಮನವಿಟ್ಟು ಓದಬೇಕೆಂದು ಕೋರುತ್ತೇನೆ. ಹಸಿವು ಮತ್ತು ತೂಕವನ್ನು ನೋಡಿಕೊಳ್ಳುವ ಹೈಪೊಥಲಾಮಸ್‌ನ ತಳದಲ್ಲಿಯೂ ಕಾಂಡಕೋಶದ ಗುಣವುಳ್ಳ ಕೋಶಗಳಿವೆ. ಎಳೆಯ ವಯಸ್ಕ ಸುಂಡಿಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟಾಗ ಅಲ್ಲಿ ಹೊಸ ನರಕೋಶಗಳ ಹುಟ್ಟು ಹಲವು ಪಟ್ಟು ಹೆಚ್ಚಿತು ಎಂದು 2012ರಲ್ಲಿ ವರದಿಯಾಯಿತು. ಆ ಹುಟ್ಟನ್ನು ವಿಕಿರಣದಿಂದ ತಡೆದಾಗ ಪ್ರಾಣಿಗಳ ತೂಕ ಏರುವುದು ಕಡಿಮೆಯಾಯಿತು. ಅಂದರೆ ಒಂದೇ ಆಹಾರ ಮಿದುಳಿನ ಒಂದೆಡೆ ಹೊಸ ಕೋಶಗಳನ್ನು ಕುಗ್ಗಿಸಬಹುದು, ಇನ್ನೊಂದೆಡೆ ಹೆಚ್ಚಿಸಬಹುದು, ಮತ್ತು ಹೆಚ್ಚಿದ್ದೇ ತೊಂದರೆಯಾಗಲೂಬಹುದು. ಕಾಂಡಕೋಶ ಹೆಚ್ಚಿಸುತ್ತೇವೆ ಎಂದು ಮಾರುವವರು ಎಲ್ಲಿ ಹೆಚ್ಚಿಸುತ್ತಾರೆ, ಏತಕ್ಕೆ ಹೆಚ್ಚಿಸುತ್ತಾರೆ ಎಂದು ಹೇಳಲಾರರು.

ತಿಪಟೂರು ಕೊಬ್ಬರಿ:
ಆ ಪ್ರಯೋಗಗಳಲ್ಲಿ ಕೊಟ್ಟದ್ದು ನಮ್ಮ ಕೊಬ್ಬರಿಯನ್ನಲ್ಲ. ಅಷ್ಟನ್ನು ದಾಖಲಿಸಿ ಸುಮ್ಮನಾಗುತ್ತೇನೆ.

ಮಧುಗಿರಿ ಏಕಾದಶಿ:
ಉಪವಾಸದಿಂದ ಮಿದುಳಿನಲ್ಲಿ ಹೊಸ ಕೋಶಗಳು ಹುಟ್ಟುತ್ತವೆ ಎಂದು ಈಗ ವಿಜ್ಞಾನವೇ ಒಪ್ಪಿದೆಯಂತೆ. ಶಿರಾದವರ ತಾಯಿಯವರಿಗೆ ವಾರಕ್ಕೊಂದು ಉಪವಾಸ ಮಾಡಿಸಿ ನೋಡಬಹುದು.

ಕೋಲಾರದ ಶುಶ್ರೂಷಕಿ:
ದಯವಿಟ್ಟು ಹೀಗೆ ಸಲಹೆ ಕೊಡಬೇಡಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ ಊಟ ಬಿಟ್ಟ ಹಿರಿಯರು ಬೆವತು, ಮಾತು ತೊದಲಿ, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ವಾರ್ಡಿಗೆ ಬರುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಅಂತಹ ಸಕ್ಕರೆ ಕುಸಿತದಿಂದ ಇರುವ ನರಕೋಶಗಳಿಗೇ ಹಾನಿಯಾಗುತ್ತದೆ. ಸರ್, ಉಪವಾಸದ ಪ್ರಯೋಗದಲ್ಲಿ ನಿಜವಾಗಿ ಏನು ಕಂಡಿತು?

ತುಮಕೂರು ಪ್ರಾಣಿಶಾಸ್ತ್ರ:
ಮ್ಯಾಟ್ಸನ್ ಎಂಬ ವಿಜ್ಞಾನಿಯ ತಂಡದ ಕೆಲಸದಲ್ಲಿ ಮಿತಾಹಾರದ ಪ್ರಾಣಿಗಳಲ್ಲಿ ಹುಟ್ಟಿದ ಕೋಶಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿ ಉಳಿದವು, ಬಿಡಿಎನ್ಎಫ್ ಎಂಬ ಪೋಷಕ ಪ್ರೋಟೀನ್ ಏರಿತ್ತು. ಆ ಪ್ರಾಣಿಗಳಿಗೆ ಜೀವಸತ್ವ, ಖನಿಜಗಳ ಕೊರತೆಯಾಗದಂತೆ ನೋಡಿಕೊಳ್ಳಲಾಗಿತ್ತು. ಮಿತವಾಗಿ ತಿನ್ನುವುದು ಬೇರೆ, ಪೋಷಕಾಂಶವಿಲ್ಲದೆ ಸೊರಗುವುದು ಬೇರೆ. ವಿಟಮಿನ್ ಎ, ಸತು, ಫೋಲೇಟ್ ಇವುಗಳ ಕೊರತೆಯಿರುವ ಪ್ರಾಣಿಗಳಲ್ಲಿ ಹೊಸ ಕೋಶಗಳು ಕುಗ್ಗುವುದು ಕಂಡುಬಂದಿದೆ. ಫೋಲೇಟ್ ಇಲ್ಲದೆ ಡಿಎನ್ಎಗೆ ಬೇಕಾದ ಥೈಮಿಡಿನ್ ತಯಾರಾಗುವುದಿಲ್ಲ, ಡಿಎನ್ಎ ನಕಲಾಗದೆ ಯಾವ ಕಾಂಡಕೋಶವೂ ವಿಭಜನೆಯಾಗಲಾರದು.

ಪಾವಗಡದವನು:
ಒತ್ತಡದ ಹಾರ್ಮೋನಿನ ಮಾತು ಬಂತು. ನಮ್ಮ ತಂದೆ ಸಂಧಿವಾತಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದೂ ಅದೇ ಜಾತಿಯ ಹಾರ್ಮೋನಲ್ಲವೇ? ಅದು ಕಾಂಡಕೋಶಗಳನ್ನು ಕೊಲ್ಲುವುದಾದರೆ ನಿಲ್ಲಿಸಬೇಕೇ?

ಕೋಲಾರದ ಶುಶ್ರೂಷಕಿ:
ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು, ಏಕೆಂದರೆ ಒತ್ತಡದ ಹಾರ್ಮೋನನ್ನು ತಯಾರಿಸುವ ದೇಹದ ಅಡ್ರಿನಲ್ ಗ್ರಂಥಿ ಅಷ್ಟರಲ್ಲಿ ತನ್ನ ಕೆಲಸ ನಿಲ್ಲಿಸಿರುತ್ತದೆ. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ತುಮಕೂರು ಪ್ರಾಣಿಶಾಸ್ತ್ರ:
1990ರ ದಶಕದ ಆರಂಭದಲ್ಲಿ ಎಲಿಝಬೆತ್ ಗೋಲ್ಡ್ ಮತ್ತು ಸಹೋದ್ಯೋಗಿಗಳು, ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳಲ್ಲಿ ಹೊಸ ಕೋಶಗಳು ಹೆಚ್ಚುತ್ತವೆ, ಹಾರ್ಮೋನು ಹೆಚ್ಚು ಕೊಟ್ಟರೆ ತಗ್ಗುತ್ತವೆ ಎಂದು ತೋರಿಸಿದ್ದು ನಿಜ. ಆದರೆ ಅದೇ ಗ್ರಂಥಿ ತೆಗೆದ ಇಲಿಗಳಲ್ಲಿ ಬಲಿತ ನರಕೋಶಗಳು ಸಾಯುತ್ತವೆ ಎಂಬುದೂ ಅದೇ ಕಾಲದ ಶೋಧ. ಹಾರ್ಮೋನು ಪೂರ್ತಿ ಇಲ್ಲದಿರುವುದು ಪರಿಹಾರವಲ್ಲ.

ಶ್ರೀನಿವಾಸಪುರದ ಮಾವು:
ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ವರ್ಷ ದಾಟಿದ ಸುಮಾರು 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುವುದು ಅವರ ಉದ್ದೇಶ. ನಮ್ಮ ಚಿಕ್ಕಪ್ಪನವರೂ ಹೋಗಿದ್ದರು. ರಕ್ತ ತೆಗೆದರು, ಕತೆ ಹೇಳಿ ಸ್ವಲ್ಪ ಹೊತ್ತಿನ ನಂತರ ಅದನ್ನೇ ಮರಳಿ ಕೇಳಿದರು, ಮಿದುಳಿನ ಸ್ಕ್ಯಾನಿಂಗ್ ಮಾಡಿಸಿದರು. ಅಮೆರಿಕದವರ ಊಟದ ಲೆಕ್ಕವನ್ನು ನಮ್ಮ ಮೇಲೆ ಹೇರುವ ಬದಲು, ರಾಗಿ ಮುದ್ದೆ, ಸೊಪ್ಪಿನ ಸಾರು ಉಣ್ಣುವವರ ನೆನಪಿನ ಶಕ್ತಿಯನ್ನು ನಮ್ಮಲ್ಲೇ ಅಳೆಯುತ್ತಿರುವುದು ನನಗೆ ಬಹಳ ಹೆಮ್ಮೆಯ ವಿಷಯ.

ಗುಬ್ಬಿಯ ಓದುಗ:
ಹೌದು, ಇಂತಹ ದೀರ್ಘ ಅಧ್ಯಯನಕ್ಕೆ ಪರ್ಯಾಯವಿಲ್ಲ. ಅದರಲ್ಲಿಯೂ ಅಳೆಯುವುದು ನೆನಪನ್ನು, ರಕ್ತವನ್ನು, ಮಿದುಳಿನ ಆಕಾರವನ್ನು. ಕಾಂಡಕೋಶವನ್ನಲ್ಲ ಎಂಬುದು ಎಲ್ಲರಿಗೂ ತಿಳಿದಿರಲಿ.

ಮಧುಗಿರಿ ಏಕಾದಶಿ:
ರಾಗಿ ಉಂಡರೆ ಥೈರಾಯ್ಡ್ ಬರುತ್ತದೆ ಎನ್ನುತ್ತಾರಲ್ಲ, ಹಾಗಾದರೆ ಮುದ್ದೆಯೇ ಮಿದುಳಿಗೆ ಶತ್ರುವಾಯಿತೇ?

ಚಿಂತಾಮಣಿ ಔಷಧಿ ಅಂಗಡಿ:
ಥೈರಾಯ್ಡ್‌ಗೆ ಅಡ್ಡಿಪಡಿಸುವ ಅಂಶದ ಬಗ್ಗೆ ಹೆಸರಾದ ಅಧ್ಯಯನಗಳು ನಡೆದದ್ದು ಸಜ್ಜೆಯ ಮೇಲೆ, ಅದೂ ಸೂಡಾನ್‌ನಲ್ಲಿ ಸಜ್ಜೆಯೇ ಮುಖ್ಯ ಆಹಾರವಾಗಿದ್ದ ಜನರ ನಡುವೆ. ಮುದ್ದೆ ಬಿಡಬೇಕಾಗಿಲ್ಲ. ಅದರ ಬದಲು ಮನೆಯಲ್ಲಿ ಯಾವ ಉಪ್ಪು ಬಳಸುತ್ತೀರಿ ನೋಡಿ. ಚೀಲದಲ್ಲಿ ತರುವ ಹರಳುಪ್ಪಿನಲ್ಲಿ ಎಷ್ಟೋ ವೇಳೆ ಅಯೋಡಿನ್ ಇರುವುದಿಲ್ಲ; ನಮ್ಮ ಕೈಗೆ ಬರುವ ಉಪ್ಪಿನಲ್ಲಿ ದಶಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ.

ಶಿರಾದವರಲ್ಲಿ ಒಂದು ವಿನಂತಿ. ಆ ಪುಡಿಯ ಡಬ್ಬಿಯ ಹಿಂಬದಿಯಲ್ಲಿ ಏನೇನು ಬರೆದಿದೆ, ಅಮ್ಮ ಅದನ್ನು ಯಾವಾಗ ಕುಡಿಯುತ್ತಾರೆ, ದಯವಿಟ್ಟು ತಿಳಿಸಿ.

ಶಿರಾ ಸೀಮೆ:
ಕ್ಯಾಲ್ಸಿಯಂ ಕಾರ್ಬೊನೇಟ್, ಕಬ್ಬಿಣದ ಲವಣ, ಸತು, ಬಯೋಟಿನ್, ಸೋಯಾ ಪ್ರೋಟೀನ್, ಒಂದಷ್ಟು ಗಿಡಮೂಲಿಕೆಗಳು. ಬಯೋಟಿನ್ ಪ್ರಮಾಣವನ್ನು ದಪ್ಪಕ್ಷರದಲ್ಲಿ 10 ಮಿಲಿಗ್ರಾಂ ಎಂದು ಬರೆದಿದ್ದಾರೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗಿ, ಅದರ ಬೆನ್ನಿಗೇ ಬಿಸಿ ಹಾಲಿನಲ್ಲಿ ಎರಡು ಚಮಚ ಕದಡಿ ಕುಡಿಯುತ್ತಾರೆ.

ಚಿಂತಾಮಣಿ ಔಷಧಿ ಅಂಗಡಿ:
ನನ್ನ ಅನುಮಾನ ಇದೇ ಆಗಿತ್ತು. ಕ್ಯಾಲ್ಸಿಯಂ ಮತ್ತು ಕಬ್ಬಿಣ ಕರುಳಿನಲ್ಲಿ ಥೈರಾಯ್ಡ್ ಮಾತ್ರೆಯ ಔಷಧಕ್ಕೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ, ಸೋಯಾ ಕೂಡ ಅಡ್ಡಿಯಾಗುತ್ತದೆ. ಇವುಗಳಿಗೂ ಮಾತ್ರೆಗೂ ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಮೇಲೆ ಸರ್ ಬರೆದದ್ದನ್ನು ಇದರ ಜೊತೆ ಸೇರಿಸಿ ಓದಿದರೆ, ಹೊಸ ನರಕೋಶಗಳನ್ನು ಹುಟ್ಟಿಸುತ್ತೇನೆ ಎನ್ನುವ ಪುಡಿಯೇ ಆ ಕೋಶಗಳನ್ನು ಉಳಿಸುವ ಹಾರ್ಮೋನನ್ನು ತಡೆಯುತ್ತಿದೆ.

ಎರಡನೆಯ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಬಯೋಟಿನ್ ಒಂದು ಜೀವಸತ್ವ; ಅದು ಅಷ್ಟು ರಕ್ತದಲ್ಲಿದ್ದರೆ ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನದಲ್ಲಿ ಟಿಎಸ್ಎಚ್ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಆಗ ಪುಡಿಯಿಂದ ಥೈರಾಯ್ಡ್ ಗುಣವಾಯಿತೆಂದು ನಂಬಿ ಮಾತ್ರೆ ಬಿಡುವವರಿದ್ದಾರೆ. ಪುಡಿಯನ್ನು ನಿಲ್ಲಿಸಿ, ವೈದ್ಯರಿಗೆ ಡಬ್ಬಿ ತೋರಿಸಿ, ಅದಾದ ಮೇಲೆಯೇ ಪರೀಕ್ಷೆಗೆ ಹೋಗಿ.

ಶಿರಾ ಸೀಮೆ:
ಓದಿ ಎದೆ ಝಲ್ಲೆಂದಿತು. ಡಬ್ಬಿಯನ್ನು ಅಮ್ಮನಿಂದ ತೆಗೆದಿಟ್ಟಿದ್ದೇನೆ. ಪ್ರಾಣಿಶಾಸ್ತ್ರದ ಸರ್‌ಗೆ ಒಂದೇ ಪ್ರಶ್ನೆ: ಮಾತ್ರೆ ಸರಿಯಾಗಿ ಹಿಡಿದ ಮೇಲೆ ನೆನಪು ಸುಧಾರಿಸಲು ಎಷ್ಟು ಕಾಲ ಬೇಕು?

ತುಮಕೂರು ಪ್ರಾಣಿಶಾಸ್ತ್ರ:
ಸುಂಡಿಲಿಯಲ್ಲಿ ಹೊಸದಾಗಿ ಹುಟ್ಟಿದ ಕೋಶ ಉಳಿದ ನರಕೋಶಗಳ ಜೊತೆ ಬೆಸೆದು ಕೆಲಸ ಆರಂಭಿಸಲು ನಾಲ್ಕರಿಂದ ಎಂಟು ವಾರ ಬೇಕು, ಕೋತಿಗಳಲ್ಲಿ ಆರು ತಿಂಗಳೂ ಮೀರುತ್ತದೆ. ಆದರೆ ಅಮ್ಮನ ಸುಧಾರಣೆಗೆ ಅಷ್ಟು ಕಾಯಬೇಕಾಗಿಲ್ಲ, ಏಕೆಂದರೆ ಥೈರಾಯ್ಡ್ ಹಾರ್ಮೋನು ಈಗಾಗಲೇ ಇರುವ ನರಕೋಶಗಳ ಶಕ್ತಿ ಬಳಕೆಯನ್ನೂ ಅವುಗಳ ನಡುವಿನ ಸಂವಹನವನ್ನೂ ಸರಿಪಡಿಸುತ್ತದೆ. ನೆನಪಿನ ಸುಧಾರಣೆಯಲ್ಲಿ ಹೊಸ ಕೋಶಗಳ ಪಾಲು ಎಷ್ಟು ಎಂದು ಮನುಷ್ಯರಲ್ಲಿ ಯಾರೂ ಬಿಡಿಸಿ ತೋರಿಸಿಲ್ಲ.

ಕೋಲಾರದ ಶುಶ್ರೂಷಕಿ:
ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರ ನುಂಗಲಿ, ಕಾಫಿ ಮತ್ತು ತಿಂಡಿ ಒಂದು ಗಂಟೆಯ ನಂತರ ಆಗಲಿ. ಪ್ರಮಾಣವನ್ನು ನೀವೇ ಏರಿಸಬೇಡಿ. ಈ ವಯಸ್ಸಿನಲ್ಲಿ ಹೆಚ್ಚಾದರೆ ಹೃದಯದ ಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆರರಿಂದ ಎಂಟು ವಾರಕ್ಕೆ ಟಿಎಸ್ಎಚ್ ಮತ್ತೆ ನೋಡಿಸಿ, ಅದೇ ರಕ್ತದಲ್ಲಿ ಬಿ12 ಮತ್ತು ಹಿಮೋಗ್ಲೋಬಿನ್ ಕೂಡ ಮಾಡಿಸಿ. ಅಮ್ಮ ಸಸ್ಯಾಹಾರಿಯಾಗಿದ್ದರೆ ಅಥವಾ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಬಿ12 ಪರೀಕ್ಷೆಯನ್ನು ಬಿಡಲೇಬೇಡಿ. ಬಿ12 ನೋಡದೆ ಬರೀ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ರಕ್ತಹೀನತೆ ಮರೆಯಾಗಿ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಶಿರಾ ಸೀಮೆ:
ಅಮ್ಮ ಸಸ್ಯಾಹಾರಿ, ಮೆಟ್‌ಫಾರ್ಮಿನ್ ಕೂಡ ತೆಗೆದುಕೊಳ್ಳುತ್ತಾರೆ. ಬಿ12 ಪರೀಕ್ಷೆಯನ್ನು ಈವರೆಗೆ ಯಾರೂ ಬರೆದುಕೊಟ್ಟಿರಲಿಲ್ಲ. ಸೋಮವಾರವೇ ವೈದ್ಯರನ್ನು ಕಂಡು ಕೇಳುತ್ತೇನೆ.